ಮಧ್ಯಾಹ್ನ 1.31ರ ಸಾಲು

2025ರ ನವೆಂಬರ್ 14, ಶುಕ್ರವಾರ, ಸಂಜೆ 4.10. ಗುರುಬಸವ್ವ ಸ್ಮಾರಕ ಆಸ್ಪತ್ರೆಯ ಸವದತ್ತಿ ಶಾಖೆಯಲ್ಲಿ ಇಂಜೆಕ್ಷನ್ ಪಡೆದ ಐದು ನಿಮಿಷದೊಳಗೆ ಮಹಿಳೆಯೊಬ್ಬರು ಪ್ರಜ್ಞೆ ತಪ್ಪಿದ್ದಾರೆ ಎಂಬ ದೂರು ಸವದತ್ತಿ ಠಾಣೆಗೆ ಬಂತು.

ದೂರು ತಂದವನು ಮನೋಳಿಯ ಸಿದ್ದರಾಮ, ವಯಸ್ಸು 27. ಪ್ರಜ್ಞೆ ತಪ್ಪಿದವರು ಅವನ ತಾಯಿ ರಾಚವ್ವ, 48. ಮೂರು ದಿನದ ಹಿಂದೆ ಗೋವಿನಜೋಳ ಕೊಯ್ಯುವಾಗ ಅವರ ಕಾಲಿಗೆ ಕುಡಗೋಲು ತಾಗಿತ್ತು. ಗಾಯ ಕೀವಾಗಿ ಪಾದ ಬಾತಿದ್ದರಿಂದ ಅಂದು ಬೆಳಿಗ್ಗೆ ಆಸ್ಪತ್ರೆಗೆ ಸೇರಿಸಿದ್ದರು. ದೂರು ಬರೆಯುವ ಹೊತ್ತಿಗೆ ಅವರು ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಉಸಿರಾಟದ ಯಂತ್ರದ ಮೇಲಿದ್ದರು.

ಸಿದ್ದರಾಮನ ಜೊತೆ ಬಂದ ಮೂವತ್ತು ಜನ ಠಾಣೆಯ ಅಂಗಳದಲ್ಲಿ ನಿಂತಿದ್ದರು.

"ಆ ನರ್ಸನ್ನ ಇವತ್ತ ಒಳಗ ಹಾಕ್ರಿ ಸಾಹೇಬ್ರ," ಎಂದ ಸಿದ್ದರಾಮ.

ಇನ್‌ಸ್ಪೆಕ್ಟರ್ ಭರಮಪ್ಪ ಕಾಂಬಳೆ ಕುರ್ಚಿ ತೋರಿಸಿದರು. "ಮೊದಲ ಕುಂದರ್ರಿ. ನರ್ಸಿಂದ ತಪ್ಪಂತ ಯಾರು ಹೇಳಿದ್ರು?"

"ಆಸ್ಪತ್ರಿ ಸೆಕ್ರೆಟರಿನ ಹೇಳ್ಯಾರ್ರಿ. ನಮ್ಮವ್ವಗ ಈ ಸೂಜಿ ಆಗೂದಿಲ್ಲ ಅಂತ ಕಂಪ್ಯೂಟರಿನ್ಯಾಗ ಕೆಂಪ ಅಕ್ಷರದಾಗ ಬರದಿತ್ತಂತ. ಆ ಹುಡುಗಿ ನೋಡದ ಚುಚ್ಚ್ಯಾಳ."

5.05ಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 125(ಬಿ), ನಿರ್ಲಕ್ಷ್ಯದಿಂದ ಜೀವಕ್ಕೆ ಅಪಾಯ. ಆರೋಪಿ: ಶುಶ್ರೂಷಕಿ ದುರ್ಗಾ ಮೇತ್ರಿ, 25, ಮೂಲ ಊರು ಕಿತ್ತೂರು.

ವೈದ್ಯರ ಸಮಿತಿಯ ಅಭಿಪ್ರಾಯ ಬರುವವರೆಗೆ ಬಂಧಿಸುವಂತಿಲ್ಲ ಎಂದು ಕಾಂಬಳೆ ಅಂಗಳಕ್ಕೆ ಬಂದು ಹೇಳಿದರು. ಗದ್ದಲ ಕಡಿಮೆಯಾಗಲಿಲ್ಲ.

"ಸಮಿತಿ ಅನಬಾರದಿತ್ರಿ ಸಾಹೇಬ್ರ," ಎಂದ ಕಾನ್‌ಸ್ಟೆಬಲ್ ಯಮನಪ್ಪ, ಜೀಪು ಹತ್ತುವಾಗ. "ಅವರ ಊರಾಗ ಗಟಾರದ ಸಮಿತಿ ಆಗಿ ಆರು ವರ್ಷ ಆತು. ಗಟಾರ ಇನ್ನೂ ಆಗಿಲ್ಲ."

ಆಸ್ಪತ್ರೆಯಲ್ಲಿ ಟ್ರಸ್ಟಿನ ಕಾರ್ಯದರ್ಶಿ ನಿಜಗುಣಪ್ಪ ಶೆಟ್ಟರ ಕಾಯುತ್ತಿದ್ದರು. ಟ್ರಸ್ಟಿನ ಮುಖ್ಯ ಆಸ್ಪತ್ರೆ ಬೈಲಹೊಂಗಲದಲ್ಲಿದೆ. ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಒಂದೊಂದು ಶಾಖೆ. ನಾಲ್ಕೂ ಕಡೆಯ ರೋಗಿಗಳ ದಾಖಲೆ ಒಂದೇ ಕಂಪ್ಯೂಟರ್ ಜಾಲದಲ್ಲಿರುವುದರಿಂದ ಎಲ್ಲಿ ಕುಳಿತರೂ ಎಲ್ಲಿಯದನ್ನೂ ತೆರೆಯಬಹುದು. ಶೆಟ್ಟರ ಬೈಲಹೊಂಗಲದಿಂದ ಬರುವಾಗಲೇ ಒಂದು ಹಾಳೆ ಮುದ್ರಿಸಿ ತಂದಿದ್ದರು.

'ರೋಗಿ ಸಂಖ್ಯೆ 4417, ರಾಚವ್ವ. ಅಲರ್ಜಿ: ಪೆನಿಸಿಲಿನ್ ಗುಂಪಿನ ಔಷಧ ಆಗದು. ನಮೂದಿಸಿದವರು: ಮಾಲಾ ಎಸ್. ಹಿರೇಕುಂಬಿ. ಸಮಯ: 14-11-2025, ಬೆಳಿಗ್ಗೆ 10.09.'

"ನಮ್ಮ ಕಡಿಂದ ಏನೂ ಮುಚ್ಚಿಡೂದಿಲ್ರಿ," ಎಂದರು ಶೆಟ್ಟರ. "ಹುಡುಗಿನ್ನ ಸಸ್ಪೆಂಡ್ ಮಾಡೇವಿ."

ಮಾಲಾ ಹಿರೇಕುಂಬಿ ಅಲ್ಲೇ ಇದ್ದರು. ವಯಸ್ಸು 52, ಸೇವೆ 27 ವರ್ಷ, ಮದುವೆಯಾಗಿಲ್ಲ. ಸವದತ್ತಿ ಮತ್ತು ರಾಮದುರ್ಗ ಶಾಖೆಗಳ ನರ್ಸುಗಳ ಮೇಲ್ವಿಚಾರಕಿ. ಬೆಳಿಗ್ಗೆ ರಾಚವ್ವನ ಹೆಸರು ನೋಂದಾಯಿಸಿ, 11 ಗಂಟೆಯ ಬಸ್ಸಿಗೆ ರಾಮದುರ್ಗಕ್ಕೆ ಹೋಗಿ, ಸುದ್ದಿ ಕೇಳಿ ಮರಳಿದ್ದರು. ಅವರ ಕೈ ದುರ್ಗಾಳ ಭುಜದ ಮೇಲಿತ್ತು.

"ಸಾಹೇಬ್ರ, ಹುಡುಗಿ ಮಧ್ಯಾಹ್ನದಿಂದ ನೀರು ಸೈತ ಕುಡದಿಲ್ಲ. ಜರಾ ಮೆತ್ತಗ ಕೇಳ್ರಿ," ಎಂದರು.

ಹೆಡ್ ಕಾನ್‌ಸ್ಟೆಬಲ್ ಅನ್ನಪೂರ್ಣಾ ಹೊಸಮನಿ ಹೇಳಿಕೆ ಬರೆದುಕೊಂಡರು. ಕಾಂಬಳೆ ಕೇಳಿದರು.

"ಎಷ್ಟೊತ್ತಿಗೆ ಇಂಜೆಕ್ಷನ್ ಕೊಟ್ಟಿ?"

"ಹನ್ನೆರಡು ಐವತ್ತಕ್ರಿ. ಮೊದಲ ಪರೀಕ್ಷಾ ಡೋಸ್ ಕೊಟ್ಟು ಅರ್ಧ ತಾಸು ಕಾದೆ. ಚರ್ಮದ ಮ್ಯಾಲ ಏನೂ ಏಳಲಿಲ್ರಿ."

"ಕಂಪ್ಯೂಟರ್ ನೋಡಿದೇನು?"

"ನೋಡೇನ್ರಿ. ಅಲರ್ಜಿ ಇಲ್ಲ ಅಂತ ಇತ್ತು."

ಕಾಂಬಳೆ ಹಾಳೆಯನ್ನು ಮುಂದಿಟ್ಟರು. ದುರ್ಗಾ ಓದಿ, ಇನ್ನೊಮ್ಮೆ ಓದಿ, ಮಾಲಾ ಅವರ ಮುಖ ನೋಡಿದಳು.

"ಅಕ್ಕಾರಿಗೆ ಕೇಳ್ರಿ," ಎಂದಳು. "ನಾ ಅವರಿಗೆ ಆವಾಗಲೇ ಫೋನ್ ಮಾಡಿ ಹೇಳೇನಿ."

"ಹೇಳ್ಯಾಳ್ರಿ," ಎಂದರು ಮಾಲಾ. "ಆದ್ರ ನಾ ಬರದ ಹೋಗಿದ್ದೆ. ಕೆಲಸದ ಗದ್ಲದಾಗ ಹುಡುಗಿ ಕಣ್ಣ ತಪ್ಪಿರಬೇಕು."

ಇಬ್ಬರೂ ಒಂದೇ ಮನೆಯಲ್ಲಿದ್ದರು. ಎರಡು ವರ್ಷದ ಹಿಂದೆ ದುರ್ಗಾಳಿಗೆ ಕೆಲಸ ಕೊಡಿಸಿದ್ದು ಮಾಲಾ. ಬಾಡಿಗೆ ಕೋಣೆ ಸಿಗದಾಗ ತಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದರು. ಇದನ್ನೂ ಅನ್ನಪೂರ್ಣಾ ಹೇಳಿಕೆಯಲ್ಲಿ ಬರೆದರು.

ನವೆಂಬರ್ 15, ಶನಿವಾರ. ಅನ್ನಪೂರ್ಣಾ ಮನೋಳಿಗೆ ಹೋದರು. ರಾಚವ್ವನ ಸೊಸೆ ಯಲ್ಲವ್ವ ಆಸ್ಪತ್ರೆಗೆ ಸೇರಿಸುವಾಗ ಜೊತೆಗಿದ್ದವಳು.

"ನಿಮ್ಮ ಅತ್ತಿಯವರಿಗೆ ಸೂಜಿ ಆಗೂದಿಲ್ಲ ಅಂತ ನೀ ಯಾರಿಗೆ ಹೇಳಿದಿ?"

"ದೊಡ್ಡ ನರ್ಸಕ್ಕಾಗ್ರಿ. ಹೋದ ವರ್ಷ ಧಾರವಾಡದಾಗ ಇಂಥಾದ ಸೂಜಿ ಮಾಡಿದಾಗ ಮೈತುಂಬ ಪಿತ್ತದ ಗಂಧಿ ಎದ್ದಿದ್ವು ಅಂತ ಹೇಳೇನಿ."

"ಅವರೇನಂದ್ರು?"

"ಹೂಂ ಅಂದ್ರು. ಒಂದ ಕೈಯಾಗ ಫೋನ್ ಹಿಡಕೊಂಡ ಮಾತಾಡಾಕ ಹತ್ತಿದ್ರು, ಒಂದ ಕೈಲೆ ಟೈಪ್ ಮಾಡಾಕ ಹತ್ತಿದ್ರು."

"ಫೋನಿನ್ಯಾಗ ಏನ್ ಮಾತು?"

"ಸೀರಿದ್ರಿ. ಸೋಮವಾರ ಫಂಕ್ಷನ್ನಿಗೆ ಎಲ್ಲಾರೂ ನೀಲಿ ಸೀರಿ ಉಡ್ರಿ ಅಂತ ಯಾರಿಗೋ ಹೇಳತಿದ್ರು."

ಹೇಳಿಕೆ ಮುದ್ರಿತ ಹಾಳೆಗೆ ಹೊಂದುತ್ತಿತ್ತು. ಸೊಸೆ ಹೇಳಿದ್ದಳು, ಮಾಲಾ ಬರೆದಿದ್ದರು, ದುರ್ಗಾ ನೋಡಿರಲಿಲ್ಲ. ಶನಿವಾರ ಸಂಜೆಯ ಮಟ್ಟಿಗೆ ಪ್ರಕರಣ ಹೀಗಿತ್ತು.

ನವೆಂಬರ್ 16, ಭಾನುವಾರ, ಬೆಳಿಗ್ಗೆ 10.30. ದುರ್ಗಾ ಯಾರೂ ಕರೆಯದೆ ಠಾಣೆಗೆ ಬಂದಳು. ನಾಲ್ಕಾಗಿ ಮಡಚಿದ ಪತ್ರವೊಂದನ್ನು ಮೇಜಿನ ಮೇಲೆ ಇಟ್ಟಳು. 'ಅಲರ್ಜಿಯ ಸೂಚನೆ ಕಂಪ್ಯೂಟರ್‌ನಲ್ಲಿ ಇದ್ದರೂ ನಾನು ಗಮನಿಸದೆ ಚುಚ್ಚುಮದ್ದು ಕೊಟ್ಟಿರುತ್ತೇನೆ. ಇದಕ್ಕೆ ನಾನೇ ಹೊಣೆ' ಎಂದಿತ್ತು. ಕೆಳಗೆ ಅವಳ ಸಹಿ.

ಕಾಂಬಳೆ ಓದಿ ಅನ್ನಪೂರ್ಣಾ ಕೈಗೆ ಕೊಟ್ಟರು.

"ಯಾರು ಬರಸಿದ್ರವ್ವಾ ಇದನ್ನ?" ಎಂದು ಕೇಳಿದರು ಅನ್ನಪೂರ್ಣಾ.

"ಯಾರೂ ಇಲ್ರಿ."

"ಇರುತ್ತೇನೆ, ಗಿರುತ್ತೇನೆ. ಇದು ನಿನ್ನ ಮಾತಲ್ಲ."

"ಅಕ್ಕಾ ಹೇಳಿದ್ರು. ಮೊದಲ ಒಪ್ಪಿಕೊಂಡ್ರ ಶಿಕ್ಷಾ ಕಡಿಮಿ ಆಗತೈತಿ, ಆ ಮನಿಯವರೂ ತಣ್ಣಗ ಆಗತಾರ ಅಂತ. ನನ್ನ ಚಲೋದಕ್ಕ ಹೇಳ್ಯಾರ್ರಿ."

"ನೀ ಕಣ್ಣಾರೆ ನೋಡಿದ್ದೇನು?" ಎಂದರು ಕಾಂಬಳೆ.

"ಇಲ್ಲ ಅಂತ ಇತ್ರಿ."

"ಮತ್ತ ಇದ್ಯಾಕ ಬರದಿ?"

"ಈಗ ಐತಲ್ರಿ ಕೆಂಪ ಅಕ್ಷರದಾಗ. ಅಕ್ಕಾ ಸುಳ್ಳ ಬರಿಯೂದಿಲ್ಲ. ಅಂದ್ರ ನನ್ನ ಕಣ್ಣ ತಪ್ಪಿರಬೇಕು." ಸೆರಗಿನಿಂದ ಮೂಗು ಒರೆಸಿಕೊಂಡಳು. "ಎರಡ ದಿನ ಅದನ್ನ ವಿಚಾರ ಮಾಡಿ ಮಾಡಿ ಈಗ ನನಗೂ ನೆನಪಿನ್ಯಾಗ ಕೆಂಪ ಅಕ್ಷರ ಕಾಣಾಕ ಹತ್ತೈತ್ರಿ."

ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಕಾಂಬಳೆ ಪತ್ರವನ್ನು ಕಡತದೊಳಗೆ ಇಟ್ಟರು. ಆದರೆ ಅವಳನ್ನು ಕಳಿಸಿದ ಮೇಲೆ ದಿನಚರಿಯಲ್ಲಿ ಒಂದು ಪ್ರಶ್ನೆ ಬರೆದುಕೊಂಡರು: ರಾಚವ್ವನನ್ನು ಬೆಳಗಾವಿಗೆ ಕಳಿಸುವಾಗ ಜೊತೆಗೆ ಯಾವ ಕಾಗದ ಹೋಗಿದೆ?

ನವೆಂಬರ್ 17, ಸೋಮವಾರ, ಬೆಳಿಗ್ಗೆ 9.50, ಬೆಳಗಾವಿ. ರಾಚವ್ವನಿಗೆ ಪ್ರಜ್ಞೆ ಬಂದಿತ್ತು. ಉಸಿರಾಟದ ಯಂತ್ರ ಆ ಬೆಳಿಗ್ಗೆ ತೆಗೆದಿದ್ದರು. ಕಾಂಬಳೆ ಮತ್ತು ಅನ್ನಪೂರ್ಣಾ ಮಾತನಾಡಿಸಲು ಹೋದರೆ ವೈದ್ಯರು ಬಿಡಲಿಲ್ಲ. ಕಡತದಲ್ಲಿ ಸವದತ್ತಿಯಿಂದ ಬಂದ ಶಿಫಾರಸು ಪತ್ರವಿತ್ತು. ಮುದ್ರಣವಾದ ಸಮಯ ಮೂಲೆಯಲ್ಲೇ ಇತ್ತು: ಮಧ್ಯಾಹ್ನ 1.18. ಅಲರ್ಜಿ ಕಾಲಂನಲ್ಲಿ 'ಇಲ್ಲ' ಎಂದಿತ್ತು.

ಕಾಂಬಳೆ ಸವದತ್ತಿ ಶಾಖೆಯ ವೈದ್ಯ ಡಾ. ವಿಜಯ ಅವರಿಗೆ ಫೋನ್ ಮಾಡಿದರು.

"ಈ ಅಲರ್ಜಿ ಕಾಲಂ ನೀವು ಟೈಪ್ ಮಾಡಿದ್ದೇನ್ರಿ?"

"ಇಲ್ರಿ. ಅದು ಕಂಪ್ಯೂಟರಿನ ದಾಖಲೆಯಿಂದ ತಾನ ಬಂದು ಕೂಡತೈತಿ. ನಾ ಬರದಿದ್ದು ಕೆಳಗಿನ ನಾಕ ಸಾಲಷ್ಟ."

10.09ಕ್ಕೆ ಬರೆದದ್ದು 1.18ಕ್ಕೆ ಇರಲಿಲ್ಲ. ಕಾಂಬಳೆ ಪತ್ರದ ಪ್ರತಿಗೆ ಆಸ್ಪತ್ರೆಯ ದೃಢೀಕರಣ ಪಡೆದು, ಜೀಪನ್ನು ಬೈಲಹೊಂಗಲಕ್ಕೆ ತಿರುಗಿಸಲು ಹೇಳಿದರು.

ಅಂದು ಕಾರ್ತಿಕದ ಕಡೆಯ ಸೋಮವಾರ. ಬೈಲಹೊಂಗಲದ ಮುಖ್ಯ ಆಸ್ಪತ್ರೆಯಲ್ಲಿ ಸಮಾರಂಭ ನಡೆಯಬೇಕಿದ್ದ ದಿನ. ಹೊಸದಾಗಿ ತಂದ ಸರ್ವರ್‌ಗೆ ಪೂಜೆ, ನಂತರ ಮಾಲಾ ಹಿರೇಕುಂಬಿ ಅವರನ್ನು ನಾಲ್ಕೂ ಶಾಖೆಗಳ ಮುಖ್ಯ ಶುಶ್ರೂಷಕಿಯಾಗಿ ಘೋಷಿಸುವುದು. ಪ್ರಕರಣದ ಕಾರಣ ಎರಡನ್ನೂ ಮುಂದಕ್ಕೆ ಹಾಕಿದ್ದರು. ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಕೆಂಪು ರಿಬ್ಬನ್ ಕಟ್ಟಿಯೇ ಇತ್ತು. ಸಾಗರ ದೊಡಮನಿ, ಟ್ರಸ್ಟಿನ ಕಂಪ್ಯೂಟರ್ ಎಂಜಿನಿಯರ್, ವಯಸ್ಸು 31, ರಿಬ್ಬನ್ ಕೆಳಗೆ ಬಗ್ಗಿ ಹೊರಗೆ ಬಂದ.

"ಹತ್ತು ಒಂಬತ್ತಕ್ಕ ಬರದದ್ದು ಒಂದು ಹದಿನೆಂಟಕ್ಕ ಮಾಯ ಆಗಿ, ಆಮ್ಯಾಲ ಹೊಳ್ಳಿ ಬರತೈತೇನು?" ಎಂದು ಕೇಳಿದರು ಕಾಂಬಳೆ.

ಸಾಗರ ಎರಡೂ ಹಾಳೆ ನೋಡಿದ. "ಬರೂದಿಲ್ರಿ. ಆದ್ರ ಹತ್ತು ಒಂಬತ್ತು ಅಂತ ತೋರಸೂಹಂಗ ಮಾಡಬಹುದು. ನಮ್ಮದು ಹಳೇ ಸಾಫ್ಟ್‌ವೇರ್. ಟೈಪ್ ಮಾಡೋ ಕಂಪ್ಯೂಟರಿನ ಗಡಿಯಾರ ಎಷ್ಟ ತೋರಸತೈತೋ ಅಷ್ಟ ಸಮಯ ದಾಖಲೆಗೆ ಬೀಳತೈತಿ."

"ಗಡಿಯಾರ ಹಿಂದ ಮಾಡಾಕ ನರ್ಸುಗಳಿಗೆ ಬರತೈತೇನು?"

"ಎಲ್ಲಾರಿಗೂ ಬರತೈತ್ರಿ. ಪಾಳಿ ಮುಗದ ಮ್ಯಾಲ ಆ ಪಾಳಿದ್ದು ಏನೂ ಬರಿಯಾಕ ಬಿಡೂದಿಲ್ಲ ನಮ್ಮ ಸಾಫ್ಟ್‌ವೇರ್. ಅದಕ್ಕ ಗಡಿಯಾರ ಹಿಂದ ಹಾಕಿ, ಟೈಪ್ ಮಾಡಿ, ಹೊಳ್ಳಿ ಮುಂದ ಹಾಕತಾರ. ಇನ್ನೊಂದು ರೂಢಿ ಐತಿ. ಅಲರ್ಜಿ ಕಾಲಂ ಖಾಲಿ ಬಿಟ್ರ ಮುಂದಿನ ಪುಟ ಬರೂದಿಲ್ಲ. ಹಿಂಗಾಗಿ ಮೊದಲ 'ಇಲ್ಲ' ಒತ್ತತಾರ, ಆಮ್ಯಾಲ ಕೇಳಿ ತಿದ್ದತಾರ. ನೆನಪಿದ್ರ."

ಇದನ್ನು ಹಿಡಿಯಲೆಂದೇ ಹೊಸ ಸರ್ವರ್ ಎಂದು ಸಾಗರ ವಿವರಿಸಿದ. ಪ್ರತಿ ಕಂಪ್ಯೂಟರ್ ತನ್ನೊಳಗೆ ಒಂದು ಲಾಗ್ ಬರೆದಿಡುತ್ತದೆ. ಯಾರು ಒಳಗೆ ಬಂದರು, ಏನು ಬದಲಿಸಿದರು ಎಂಬ ಸಾಲು ಸಾಲು ಲೆಕ್ಕ. ನಾಲ್ಕು ಊರುಗಳ ಇಪ್ಪತ್ತಾರು ಕಂಪ್ಯೂಟರ್‌ಗಳ ಪ್ರತಿ ಸಾಲಿನ ನಕಲು ಅದೇ ಕ್ಷಣ ಬೈಲಹೊಂಗಲಕ್ಕೆ ಬಂದು ಈ ಒಂದು ಯಂತ್ರದಲ್ಲಿ ಬೀಳಬೇಕು. ಬಂದ ಸಾಲಿನ ಮುಂದೆ ಈ ಯಂತ್ರ ತನ್ನ ಗಡಿಯಾರ ನೋಡಿ ಸಮಯ ಹಾಕುತ್ತದೆ. ಆ ಗಡಿಯಾರ ಶಾಖೆಗಳ ಯಾರ ಕೈಗೂ ಸಿಗುವುದಿಲ್ಲ.

"ನಾವು ಠಾಣೆ ದಿನಚರ್ಯಾಗ ಎಷ್ಟ ಹೊತ್ತಂತ ಬರದ್ರೂ ಕಂಟ್ರೋಲ್ ರೂಮಿನವರು ತಮ್ಮ ಗಡಿಯಾರ ನೋಡೇ ಬರಕೊಂತಾರಲ್ಲ, ಹಂಗ," ಎಂದರು ಅನ್ನಪೂರ್ಣಾ.

"ಕರೆಕ್ಟ್ ಮೇಡಂ."

"ಆದ್ರ ಇದು ಇವತ್ತ ಚಾಲೂ ಆಗಬೇಕಾಗಿತ್ತು," ಎಂದರು ಕಾಂಬಳೆ. "ಶುಕ್ರವಾರದ್ದು ಇದರಾಗ ಎಲ್ಲಿಂದ ಬರಬೇಕು?"

ಸಾಗರ ಅವರ ಹೆಗಲಾಚೆ ನೋಡಿದ. ಕಾಂಬಳೆ ಹಿಂದೆ, ಕಾರಿಡಾರಿನಲ್ಲಿ, ಶೆಟ್ಟರ ಬಂದು ನಿಂತಿದ್ದರು.

"ಹೇಳೋ," ಎಂದರು ಶೆಟ್ಟರ.

"ಅಣ್ಣಾರ, ಸಿಟ್ಟಾಗಬ್ಯಾಡ್ರಿ. ಪೂಜಿ ದಿನ ಎಲ್ಲಾರ ಮುಂದ ಕೈ ಕೊಟ್ರ ಮರ್ಯಾದಿ ಹೋಗತೈತಿ ಅಂತ ಬುಧವಾರ ಸಂಜಿಕೆ ಚಾಲೂ ಮಾಡಿ ಬಿಟ್ಟಿದ್ದೆ. ಇಪ್ಪತ್ತಾರೂ ಕಂಪ್ಯೂಟರಿನಿಂದ ಬರಾಕ ಹತ್ತ್ಯಾವ. ಯಾರಿಗೂ ಹೇಳಿಲ್ಲ."

"ಕಾಯಿ ಒಡಿಯದ ಚಾಲೂ ಮಾಡೀಯೇನೋ?" ಶೆಟ್ಟರ ದನಿ ಏರಿತು. "ನೋಟಿಸಿನ್ಯಾಗ ಏನ ಹಾಕೇವಿ? ಸೋಮವಾರ ಪೂಜಿ ಆದ ಮ್ಯಾಲ ಅಂತ ಹಾಕಿಲ್ಲೇನು?"

"ಪೂಜಿ ಜಗಳ ಆಮ್ಯಾಲ ಮಾಡೋಣ್ರಿ," ಎಂದರು ಕಾಂಬಳೆ. "4417 ತಗಿ ತಮ್ಮಾ."

ರಿಬ್ಬನ್ ಕೆಳಗೆ ಬಗ್ಗಿ ನಾಲ್ವರೂ ಒಳಗೆ ಹೋದರು. ಪರದೆಯ ಮೇಲೆ ಸಾಲುಗಳು ಬಂದವು. ಬೆಳಿಗ್ಗೆ 10.05: ಸವದತ್ತಿ ಶಾಖೆ, ಮೊದಲನೇ ಕಂಪ್ಯೂಟರ್, ಬಳಕೆದಾರರು ಮಾಲಾ ಹಿರೇಕುಂಬಿ, ಹೊಸ ದಾಖಲೆ, ಅಲರ್ಜಿ 'ಇಲ್ಲ'. ಮಧ್ಯಾಹ್ನ 12.16: ಸವದತ್ತಿ, ಮೂರನೇ ಕಂಪ್ಯೂಟರ್, ದುರ್ಗಾ ಮೇತ್ರಿ, ದಾಖಲೆ ತೆರೆದು ನೋಡಿದ್ದು. ಅದಾದ ಮೇಲಿನ ಮೂರು ಸಾಲು ರಾಮದುರ್ಗ ಶಾಖೆಯ ಎರಡನೇ ಕಂಪ್ಯೂಟರ್‌ನಿಂದ ಬಂದಿದ್ದವು. 1.30ಕ್ಕೆ ಅದರ ಗಡಿಯಾರವನ್ನು ಬೆಳಿಗ್ಗೆ 10.08ಕ್ಕೆ ತಿರುಗಿಸಲಾಗಿತ್ತು. ಮುಂದಿನ ಸಾಲಿನಲ್ಲಿ ಎರಡು ಸಮಯ ಇದ್ದವು. ಕಳಿಸಿದ ಕಂಪ್ಯೂಟರ್‌ನದು 10.09, ತಲುಪಿದ್ದು ಮಧ್ಯಾಹ್ನ 1.31. ಬಳಕೆದಾರರು ಮಾಲಾ ಹಿರೇಕುಂಬಿ. ಅಲರ್ಜಿ 'ಇಲ್ಲ' ಇದ್ದದ್ದು 'ಪೆನಿಸಿಲಿನ್ ಗುಂಪಿನ ಔಷಧ ಆಗದು' ಎಂದು ಬದಲು. 1.32ಕ್ಕೆ ಗಡಿಯಾರ ಮತ್ತೆ ಸರಿ.

"ಹುಡುಗಿ ಕಣ್ಣ ತಪ್ಪಿರಲಿಲ್ಲ," ಎಂದರು ಅನ್ನಪೂರ್ಣಾ.

ಶೆಟ್ಟರ ಗೋಡೆಗೆ ಒರಗಿ ನಿಂತರು. "ಆ ನೋಟಿಸು," ಎಂದರು ನಿಧಾನವಾಗಿ, "ಸೋಮವಾರದಿಂದ ಗಡಿಯಾರ ಹಿಂದ ಮಾಡಿದ್ರ ಗೊತ್ತಾಗತೈತಿ ಅನ್ನೂ ನೋಟಿಸು. ಅದನ್ನ ಸವದತ್ತ್ಯಾಗ, ರಾಮದುರ್ಗದಾಗ ನರ್ಸುಗಳ ಮುಂದ ಓದಿ ಹೇಳಿದಾಕಿ ಮಾಲಾನ."

ನವೆಂಬರ್ 18, ಮಂಗಳವಾರ, ಬೆಳಿಗ್ಗೆ 11ರಿಂದ 1.20ರವರೆಗೆ ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಸರ್ವರ್‌ನ ಗಡಿಯಾರವನ್ನು ಅಧಿಕೃತ ಭಾರತೀಯ ಕಾಲಮಾನದೊಂದಿಗೆ ಹೋಲಿಸಿದರು. ವ್ಯತ್ಯಾಸ ಎರಡು ಸೆಕೆಂಡ್. ಶುಕ್ರವಾರದ ಪೂರ್ತಿ ಲಾಗನ್ನು ನಕಲು ಮಾಡಿ ಮೊಹರು ಹಾಕಿದರು. ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರಕ್ಕೆ ಸಾಗರ ಸಹಿ ಮಾಡಿದ. ಎಫ್‌ಐಆರ್‌ಗೆ ಖೋಟಾ ವಿದ್ಯುನ್ಮಾನ ದಾಖಲೆಯ ಕಲಂ 336 ಮತ್ತು 340, ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66 ಸೇರಿಸಲು ನ್ಯಾಯಾಲಯಕ್ಕೆ ವರದಿ ಹೋಯಿತು.

ಹೆಸರು ಮಾಲಾ ಅವರದು. ಬೆರಳು ಯಾರದು ಎಂಬುದು ಉಳಿದಿತ್ತು. ನಾಲ್ಕೂ ಶಾಖೆಗಳಲ್ಲಿ ಒಬ್ಬರ ಪಾಸ್‌ವರ್ಡ್ ಇನ್ನೊಬ್ಬರಿಗೆ ಗೊತ್ತಿತ್ತು.

ನವೆಂಬರ್ 19, ಬುಧವಾರ, ಬೆಳಿಗ್ಗೆ 11.15, ರಾಮದುರ್ಗ. ಎರಡನೇ ಕಂಪ್ಯೂಟರ್ ಇದ್ದದ್ದು ನರ್ಸುಗಳ ಕೋಣೆಯಲ್ಲಿ. ಶುಕ್ರವಾರ ಮಧ್ಯಾಹ್ನ ಆ ಕೋಣೆಯಲ್ಲಿ ಇದ್ದವರು ಇಬ್ಬರೇ. ಒಬ್ಬರು ಮಾಲಾ, ಇನ್ನೊಬ್ಬರು ಆಯಾ ತಾಯವ್ವ, 60.

"ಶುಕ್ರವಾರ ಮಧ್ಯಾಹ್ನ ಏನಾತು ಹೇಳಬೇ," ಎಂದರು ಅನ್ನಪೂರ್ಣಾ.

"ಏನಾಗತೈತಿ? ಉಣ್ಣಾಕ ಕುಂತಿದ್ವಿ."

"ಆಮ್ಯಾಲ?"

"ಮಾಲಕ್ಕಾಗ ಫೋನ್ ಬಂತು. ಅಳಬ್ಯಾಡ ದುರ್ಗಿ, ನಾ ನೋಡಿಕೊಂತೇನಿ ಅಂದ್ರು. ಎದ್ದು ಆ ಡಬ್ಬಿ ಮುಂದ ಹೋಗಿ ಕುಂತ್ರು." ತಾಯವ್ವ ಕಂಪ್ಯೂಟರಿನತ್ತ ಗಲ್ಲ ಎತ್ತಿ ತೋರಿಸಿದರು. "ಬದನಿಕಾಯಿ ಪಲ್ಯಾ, ರೊಟ್ಟಿ, ಎಲ್ಲಾ ಹಂಗ ಬಿಟ್ರು. ಉಣಬೇ ಅಂದೆ. ನೀ ಉಣ್ಣು ಅಂದ್ರು. ನಾ ಉಂಡೆ."

ಯಮನಪ್ಪ ಮುಖ ಬೇರೆ ಕಡೆ ತಿರುಗಿಸಿ ನಕ್ಕ.

"ನಗಬ್ಯಾಡೋ, ರೊಟ್ಟಿ ದುರ್ಗಿ ಮಾಡಿದ್ದು. ಕೆಡಸಬಾರದು," ಎಂದರು ತಾಯವ್ವ. ಆಮೇಲೆ ದನಿ ತಗ್ಗಿಸಿದರು. "ನಿನ್ನೆ ಸಂಜಿಕೆ ಮಾಲಕ್ಕಾ ಫೋನ್ ಮಾಡಿದ್ರು. ಪೊಲೀಸ್ರು ಬಂದ್ರ ಮಾಲಕ್ಕಾ ಕಂಪ್ಯೂಟರ್ ಮುಟ್ಟಿಲ್ಲ ಅನ್ನು ಅಂದ್ರು. ಯಾಕ ಅಂತ ಕೇಳಿದೆ. ಹೇಳಲಿಲ್ಲ. ಹದಿನೆಂಟು ವರ್ಷದಾಗ ನನ್ನ ಕಡಿಂದ ಸುಳ್ಳ ಹೇಳಸಿದಾಕಿ ಅಲ್ಲ ಅಕಿ."

ದುರ್ಗಾಳ ಫೋನ್ ವಿವರ ಅಂದು ಸಂಜೆ ಜಿಲ್ಲಾ ಪೊಲೀಸ್ ಕಚೇರಿಯಿಂದ ಬಂತು. ಶುಕ್ರವಾರ ಮಧ್ಯಾಹ್ನ 1.22, ಮಾಲಾ ಅವರಿಗೆ ಕರೆ, ನಾಲ್ಕು ನಿಮಿಷ ಹತ್ತು ಸೆಕೆಂಡ್. ಆಗ ಮಾಲಾ ಅವರ ಫೋನ್ ರಾಮದುರ್ಗದ ಟವರ್ ವ್ಯಾಪ್ತಿಯಲ್ಲಿತ್ತು. ರಾಚವ್ವನನ್ನು ಹೊತ್ತ ಆಂಬುಲೆನ್ಸ್ 1.20ಕ್ಕೆ ಹೊರಟಿತ್ತು. ಅದು ಗೇಟು ದಾಟಿದ ಮೇಲೆ ದುರ್ಗಾ ಮೊದಲು ಕರೆ ಮಾಡಿದ್ದು ಮಾಲಾ ಅವರಿಗೆ.

ನವೆಂಬರ್ 20, ಗುರುವಾರ, ಮಧ್ಯಾಹ್ನ 3.15. ನೋಟಿಸಿನಂತೆ ಮಾಲಾ ಹಿರೇಕುಂಬಿ ಠಾಣೆಗೆ ಬಂದರು. ಬಿಳಿ ಸೀರೆ, ಕೈಯಲ್ಲಿ ಛತ್ರಿ. ಅನ್ನಪೂರ್ಣಾ ಪಕ್ಕದಲ್ಲಿ ಕುಳಿತರು.

"10.09ಕ್ಕ ನೀವು ಎಲ್ಲಿದ್ರಿ?" ಎಂದರು ಕಾಂಬಳೆ.

"ಸವದತ್ತ್ಯಾಗ್ರಿ. ಅಡ್ಮಿಶನ್ ಟೇಬಲ್ಲಿನ್ಯಾಗ."

"1.31ಕ್ಕ?"

"ರಾಮದುರ್ಗದಾಗ."

"ಅಲ್ಲಿ ಕಂಪ್ಯೂಟರ್ ಮುಟ್ಟೀರೇನು?"

"ಇಲ್ರಿ."

ಕಾಂಬಳೆ ಮೂರು ಸಾಲಿನ ಪ್ರತಿಯನ್ನು ಮುಂದಿಟ್ಟರು. ಮಾಲಾ ಕನ್ನಡಕ ಹಾಕಿಕೊಂಡು ಓದಿದರು. ಓದಲು ಬಹಳ ಹೊತ್ತು ತೆಗೆದುಕೊಂಡರು.

"ಇದೆಲ್ಲಿಂದ ಬಂತ್ರಿ?"

"ಬೈಲಹೊಂಗಲದ ಹೊಸ ಸರ್ವರಿನಿಂದ."

"ಅದು ಇನ್ನೂ ಚಾಲೂ ಆಗಿಲ್ಲಲ್ರಿ," ಎಂದರು ಮಾಲಾ. "ಪೂಜಿನ ಆಗಿಲ್ಲ."

"ಬುಧವಾರ ಸಂಜಿಕೆ ಆಗೇತ್ರಿ. ಪೂಜಿ ಇಲ್ಲದ."

ಮಾಲಾ ಕನ್ನಡಕ ತೆಗೆದು ಮಡಚಿದರು. ಅನ್ನಪೂರ್ಣಾ ನೀರು ಕೊಟ್ಟರು. ಕುಡಿಯಲಿಲ್ಲ.

"ಅಕಿ ಫೋನ್ ಮಾಡದಿದ್ರ ನನಗ ಗೊತ್ತ ಆಗತಿರಲಿಲ್ರಿ," ಎಂದರು. "ಅಕಿನ ಹೇಳಿದ್ಲು, ಅಕ್ಕಾ, ಇಲ್ಲ ಅಂತನ ಇತ್ತು ಅಂತ. ಆಗ ನೆನಪಾತು. ಆ ಸೊಸಿ ಹೇಳಿದ್ಲು, ನಾ ಹೂಂ ಅಂದಿದ್ದೆ. ತಿದ್ದಿರಲಿಲ್ಲ."

"ತಿದ್ದಿಲ್ಲ ಅಂತ ಅವತ್ತ ಒಪ್ಪಿಕೊಂಡಿದ್ರ?"

"ಇಪ್ಪತ್ತೇಳು ವರ್ಷ್ರಿ. ಒಂದ ಮೆಮೋ ಇಲ್ಲ. ಸೋಮವಾರ ಎಲ್ಲಾರ ಮುಂದ ನನ್ನ ಹೆಸರು ಹೇಳೋರಿದ್ರು."

"ಹುಡುಗಿ?"

"ಅಕಿಗೆ ಇಪ್ಪತ್ತೈದು. ಒಂದ ವರ್ಷ ಹೋದ್ರ ಜನಾ ಮರೀತಾರ. ಇನ್ನೊಂದ ಕಡೆ ಕೆಲಸ ನಾನ ಕೊಡಸತಿದ್ದೆ."

"ಒಪ್ಪಿಕೊಂಡ ಬರಕೊಡು ಅಂತನೂ ನೀವ ಹೇಳಿದ್ರಿ."

"ಈ ವಾರ ಎಲ್ಲಾ ಅಕಿ ಮಾಡಿದ ರೊಟ್ಟಿ ಉಂಡೀರೇನ್ರಿ?" ಎಂದು ಕೇಳಿದರು ಅನ್ನಪೂರ್ಣಾ. ಅದು ತನಿಖೆಯ ಪ್ರಶ್ನೆಯಲ್ಲ. ಕಾಂಬಳೆ ಅದನ್ನು ಬರೆಸಲಿಲ್ಲ, ತಡೆಯಲೂ ಇಲ್ಲ.

"ಹೂಂ," ಎಂದರು ಮಾಲಾ.

ಸಾಕ್ಷಿಯ ಮೇಲೆ ಒತ್ತಡ ಹಾಕಿದ್ದನ್ನು ಕಾರಣವಾಗಿ ನಮೂದಿಸಿ 4.40ಕ್ಕೆ ಅವರನ್ನು ಬಂಧಿಸಲಾಯಿತು. ಪ್ರಕರಣದ ದಿನಚರಿಯಲ್ಲಿ ಉದ್ದೇಶದ ಕಾಲಂ ಎದುರು ಕಾಂಬಳೆ ಬರೆದದ್ದು ಮೂರು ವಾಕ್ಯ. 'ದ್ವೇಷ ಕಂಡುಬಂದಿಲ್ಲ. ಹಣದ ವಿಷಯ ಇಲ್ಲ. ಆರೋಪಿತರು ತಮ್ಮ ಒಂದು ತಪ್ಪನ್ನು ಒಪ್ಪಿಕೊಳ್ಳಲಾಗದೆ ಅದನ್ನು ತಮ್ಮನ್ನು ನಂಬಿದವಳ ಹೆಸರಿಗೆ ಹಾಕಿರುತ್ತಾರೆ.' ದುರ್ಗಾಳ ಹೆಸರನ್ನು ಆರೋಪಿಗಳ ಪಟ್ಟಿಯಿಂದ ಕೈಬಿಡಲು ಕೋರಿ ನ್ಯಾಯಾಲಯಕ್ಕೆ ಬರೆಯುವ ವರದಿಯೂ ಅಂದೇ ತಯಾರಾಯಿತು.

ಬಂಧಿತರ ಕಡೆಯವರೊಬ್ಬರಿಗೆ ತಿಳಿಸಬೇಕೆಂಬುದು ನಿಯಮ.

"ಯಾರಿಗೆ ತಿಳಸೂನ್ರಿ?" ಎಂದು ಕೇಳಿದರು ಅನ್ನಪೂರ್ಣಾ. "ಅಣ್ಣ ತಮ್ಮ?"

"ಇಲ್ಲ."

"ಅಕ್ಕ ತಂಗಿ?"

ಮಾಲಾ ಒಂದು ಮೊಬೈಲ್ ಸಂಖ್ಯೆ ಹೇಳಿದರು. ಅನ್ನಪೂರ್ಣಾ ಬರೆದುಕೊಳ್ಳುತ್ತ ಏಳನೇ ಅಂಕೆಗೆ ನಿಲ್ಲಿಸಿದರು. ಆ ಸಂಖ್ಯೆ ಕಡತದಲ್ಲಿ ಆಗಲೇ ಇತ್ತು.

4.55ಕ್ಕೆ ದುರ್ಗಾ ಫೋನ್ ಎತ್ತಿದಳು. ಅನ್ನಪೂರ್ಣಾ ಹೇಳಬೇಕಾದ್ದನ್ನು ಹೇಳಿದರು. ಯಾವ ಊರಿನ ಕಂಪ್ಯೂಟರ್, ಎಷ್ಟು ಗಂಟೆ ಎಂಬುದನ್ನೂ ಹೇಳಿದರು.

"ನಾ ಫೋನ್ ಇಟ್ಟ ಮ್ಯಾಲೇನ್ರಿ?" ಎಂದಳು ದುರ್ಗಾ.

"ಹೂಂನವ್ವಾ."

"ಆತ್ರಿ," ಎಂದು ಫೋನ್ ಇಟ್ಟಳು.

5.52ಕ್ಕೆ ಅವಳು ಠಾಣೆಗೆ ಬಂದಳು. ಕೈಯಲ್ಲಿ ಎರಡು ಚೀಲ. ಒಂದರಲ್ಲಿ ಮಾಲಾ ಅವರ ಎರಡು ಸೀರೆ, ಟವೆಲ್, ಬಾಚಣಿಗೆ, ರಕ್ತದೊತ್ತಡದ ಮಾತ್ರೆ ಇದ್ದವು. ಮಾತ್ರೆಯ ಹಾಳೆಯ ಮೇಲೆ 'ಮುಂಜಾನೆ ಒಂದು' ಎಂದು ದುರ್ಗಾಳ ಅಕ್ಷರದಲ್ಲಿ ಬರೆದಿತ್ತು. ಅನ್ನಪೂರ್ಣಾ ಒಂದೊಂದಾಗಿ ಪಟ್ಟಿ ಮಾಡಿದರು. ಕೊನೆಯಲ್ಲಿ ದುರ್ಗಾ ಮಾಲಾ ಅವರ ಮನೆಯ ಕೀಲಿಯನ್ನು ಮೇಜಿನ ಮೇಲೆ ಇಟ್ಟಳು.

"ಇದನ್ನೂ ಬರಕೋರಿ."

ಬಂಧನದ ಮಾಹಿತಿ ತಲುಪಿದೆ ಎಂಬ ಸಾಲಿನ ಕೆಳಗೆ ಸಹಿ ಮಾಡಿದಳು. ಸಮಯ ಬರೆಯುವ ಮೊದಲು ಗೋಡೆಯ ಗಡಿಯಾರ ನೋಡಿದಳು, ತನ್ನ ಕೈಗಡಿಯಾರ ನೋಡಿದಳು, ಎರಡೂ ಒಂದೇ ಇವೆಯೇ ಎಂದು ಕೇಳಿದಳು. ಒಂದೇ ಇವೆ ಎಂದ ಯಮನಪ್ಪ.

"ಭೆಟ್ಟಿ ಆಗತಿಯೇನು? ಐದ ನಿಮಿಷ ಬಿಡತೇನಿ," ಎಂದರು ಕಾಂಬಳೆ.

ಮಾಲಾ ಒಳಗಿನ ಕೋಣೆಯಲ್ಲಿದ್ದರು. ಬಾಗಿಲು ತೆರೆದಿತ್ತು. ಅಲ್ಲಿಂದ ಮೇಜು ಕಾಣುತ್ತಿತ್ತು.

ದುರ್ಗಾ ಎರಡನೇ ಚೀಲವನ್ನು ಹೆಗಲಿಗೆ ಹಾಕಿಕೊಂಡಳು. ಅದರಲ್ಲಿ ಅವಳವೇ ಬಟ್ಟೆಗಳಿದ್ದವು. ಕಿತ್ತೂರಿನ ಕಡೆಗೆ ಹೋಗುವ ಬಸ್ಸು 6.20ಕ್ಕಿತ್ತು. ಅವಳು ಅದಕ್ಕೆ ಹೋದಳು.